ಎಪ್ಪತ್ತು ಚದರಡಿ

ಬೆಂಗಳೂರಲ್ಲಿ ಬಾಡಿಗೆ ಮನೆ ಹುಡುಕಿದವರಿಗೆಲ್ಲ ಆ ಇಂಟರ್‌ವ್ಯೂ ಗೊತ್ತೇ ಇರುತ್ತೆ. ಎಲ್ಲಿ ಕೆಲಸ? ಯಾವ ಊರು? ಮದುವೆ ಆಗಿದ್ಯಾ? ಮೊಟ್ಟೆ ತಿಂತೀರಾ? ಕಂಪನಿಯ ನಾಲ್ಕು ರೌಂಡ್ ಪಾಸಾದವನು ಆರ್.ಟಿ. ನಗರದ ಓನರ್ ಆಂಟಿಯ ಒಂದೇ ರೌಂಡಿನಲ್ಲಿ ಫೇಲ್ ಆಗಬಹುದು. ಆಧಾರ್, ಆಫೀಸ್ ಐಡಿ, ಅಡ್ವಾನ್ಸು... ಬಾಡಿಗೆಗೆ ಬರುವವನನ್ನು ಪರೀಕ್ಷೆ ಮಾಡೋ ವ್ಯವಸ್ಥೆ ನಮ್ಮಲ್ಲಿ ಪಕ್ಕಾ ಇದೆ. ಆದರೆ ಮನೆಯನ್ನು ಪರೀಕ್ಷೆ ಮಾಡೋರು ಯಾರು?

ಈ ಪ್ರಶ್ನೆ ನನ್ನ ತಲೆಗೆ ಹತ್ತಿದ್ದು ಚಿಕ್ಕಪ್ಪನ ಮಗಳಿಗೆ ಮಾನ್ಯತಾ ಟೆಕ್ ಪಾರ್ಕಿನಲ್ಲಿ ಕೆಲಸ ಸಿಕ್ಕಾಗ. ಸಾಗರದಿಂದ ಚಿಕ್ಕಪ್ಪ ಫೋನ್ ಮಾಡಿ, "ಪಿಜಿ ನೀನೇ ನೋಡು. ನೀ ಅಡ್ಡಿಲ್ಲ ಅಂದ್ರೆ ಮುಗೀತು ಮಾರಾಯಾ" ಅಂದುಬಿಟ್ಟರು. ಜವಾಬ್ದಾರಿ ತಲೆ ಮೇಲೆ ಬಿತ್ತು ನೋಡಿ, ಆಗ ರೂಲ್ಸ್ ಹುಡುಕಿ ಓದೋಕೆ ಕೂತೆ.

ರೂಲ್ಸ್ ಇದೆ ಕಣ್ರೀ! 2024ರ ಜುಲೈನಲ್ಲಿ ಕೋರಮಂಗಲದ ಪಿಜಿಯೊಂದರಲ್ಲಿ ಯುವತಿಯೊಬ್ಬಳ ಕೊಲೆಯಾಯಿತಲ್ಲ, ಅದಾದ ಮೇಲೆ ಆಗಸ್ಟ್‌ನಲ್ಲಿ ಬಿಬಿಎಂಪಿ ಪಿಜಿಗಳಿಗೇ ಅಂತ ಮಾರ್ಗಸೂಚಿ ಹೊರಡಿಸಿತು. ಒಬ್ಬರಿಗೆ ಕನಿಷ್ಠ 70 ಚದರಡಿ ಜಾಗ. ದಿನಕ್ಕೆ ತಲಾ 135 ಲೀಟರ್ ನೀರು. ಸಿಸಿಟಿವಿ. ಅಡುಗೆ ಮನೆಗೆ ಎಫ್‌ಎಸ್‌ಎಸ್‌ಎಐ ಲೈಸೆನ್ಸು. ಬೆಂಕಿ ಸುರಕ್ಷತೆ. ಪಾಲಿಕೆಯ 1533, ಪೊಲೀಸರ ಸಹಾಯವಾಣಿ ಎರಡೂ ನಂಬರು ಕಾಣೋ ಹಾಗೆ ಹಾಕಿರಬೇಕು. ಆರು ತಿಂಗಳಿಗೊಮ್ಮೆ ಆರೋಗ್ಯಾಧಿಕಾರಿಗಳು ಬಂದು ಪರಿಶೀಲಿಸಬೇಕು. (ಮಾಮೂಲಿ ಬಾಡಿಗೆ ಮನೆಗೆ ಇಷ್ಟೂ ಇಲ್ಲ. 1999ರ ಬಾಡಿಗೆ ಕಾಯ್ದೆ ಬರೆದಿದ್ದೇ ಬೆಂಗಳೂರಲ್ಲಿ ತಿಂಗಳಿಗೆ 3500 ರೂಪಾಯಿ ಮೀರಿದ ಮನೆಗಳನ್ನು ಹೊರಗಿಟ್ಟು. ಅದಕ್ಕೆ ಹೋಲಿಸಿದರೆ ಪಿಜಿಯವರೇ ಪುಣ್ಯವಂತರು!)

ಸರಿ, ಐದು ಮೀಟರ್ ಟೇಪ್ ಬ್ಯಾಗಿಗೆ ಹಾಕಿಕೊಂಡು ತಂಗಿ ಜೊತೆ ಹೊರಟೆ. ಹೆಬ್ಬಾಳದ ಕಡೆ ಒಂದು ಪಿಜಿ. ಟ್ರೇಡ್ ಲೈಸೆನ್ಸಿಗೆ ಫ್ರೇಮ್ ಹಾಕಿಸಿ ವೆಂಕಟರಮಣನ ಪಕ್ಕದಲ್ಲೇ ನೇತುಹಾಕಿದ್ದರು. ಬಾಗಿಲ ಹತ್ತಿರ 1533 ಅಂಟಿಸಿತ್ತು. ಕ್ಯಾಮೆರಾನೂ ಇತ್ತು. ರೂಮಿನಲ್ಲಿ ಮೂರು ಮಂಚ. ಟೇಪ್ ಹಿಡಿದೆ. 12 ಅಡಿ, 11 ಅಡಿ. 132 ಚದರಡಿ. ಮೂರು ಜನಕ್ಕೆ 210 ಬೇಕು. ಹೋಗಲಿ, ಇಬ್ಬರಿಗೇ 140 ಬೇಕು!

ಓನರ್ ಸಿಟ್ಟಾಗಲಿಲ್ಲ. ನಕ್ಕರು. "ಸಾರ್, ಲೆಕ್ಕದ ಪ್ರಕಾರ ಇಲ್ಲಿ ಒಬ್ರೇ ಇರ್ಬೇಕು. ಮೂರ್ ಜನದ ಬಾಡಿಗೆ ನಿಮ್ ತಂಗಿ ಒಬ್ರೇ ಕಟ್ತಾರಾ?"

ನನ್ನ ಹತ್ತಿರ ಉತ್ತರ ಇರಲಿಲ್ಲ. ಹೊಸದಾಗಿ ಕೆಲಸಕ್ಕೆ ಸೇರುವವರ ಸಂಬಳ ನಿಮಗೂ ಗೊತ್ತು.

ಅಷ್ಟರಲ್ಲಿ ಇವಳು, "ಅಣ್ಣಾ, ಅಳತೆ ಸಾಕು ಬಾ. ಬೆಂಕಿ ಬಿದ್ರೆ ಇಳಿಯೋಕೆ ಇನ್ನೊಂದು ದಾರಿ ಇದ್ಯಾ ನೋಡೋಣ" ಅಂದಳು. ಹೋಗಿ ನೋಡಿದರೆ ನಾಲ್ಕು ಮಹಡಿಗೂ ಒಂದೇ ಮೆಟ್ಟಿಲು. ಅಡುಗೆ ಮನೆ, ಗ್ಯಾಸ್ ಸಿಲಿಂಡರು ಎಲ್ಲಾ ಆ ಮೆಟ್ಟಿಲ ಬುಡದಲ್ಲೇ. ಟೆರೇಸ್ ಬಾಗಿಲಿಗೆ ಬೀಗ. "ಹುಡುಗೀರು ಮೇಲೆ ಹೋಗಿ ಫೋನಲ್ಲಿ ಮಾತಾಡ್ತಾರೆ, ಅಕ್ಕಪಕ್ಕದೋರು ಕಂಪ್ಲೇಂಟ್ ಮಾಡ್ತಾರೆ" ಅಂತ ಕಾರಣ. ಸುರಕ್ಷತೆಗೆ ಅಂತ ಹಾಕಿದ ಬೀಗ! ಇಬ್ಬರೂ ಮಾತಾಡದೆ ಕೆಳಗಿಳಿದೆವು.

ಆಮೇಲೆ ಇದನ್ನೇ ಯೋಚಿಸ್ತಾ ಇದ್ದೆ. ನಿಯಮದ ಪಟ್ಟಿಯಲ್ಲಿ ಎಲ್ಲವೂ ಒಂದೇ ಸಾಲಿನಲ್ಲಿ ನಿಂತಿರುತ್ತವೆ. ಆದರೆ ಇಕ್ಕಟ್ಟಾದ ರೂಮು ಕಷ್ಟ ಕೊಡುತ್ತೆ, ಬೀಗ ಹಾಕಿದ ಬಾಗಿಲು ಪ್ರಾಣ ತೆಗೆಯುತ್ತೆ. ಬೀಗ ತೆಗೆಯೋಕೆ ಒಂದು ರೂಪಾಯಿ ಖರ್ಚಿಲ್ಲ, ಬಾಡಿಗೆನೂ ಏರೋದಿಲ್ಲ. ಅದನ್ನು ಇವತ್ತೇ ಮಾಡಿಸಬೇಕು. ಎಪ್ಪತ್ತು ಚದರಡಿಯನ್ನು ಒಂದೇ ಏಟಿಗೆ ಜಾರಿ ಮಾಡಿ ಪಿಜಿಗಳಿಗೆ ಸೀಲ್ ಹಾಕುತ್ತಾ ಹೋದರೆ ಬ್ಯಾಗ್ ಹಿಡಿದು ಬೀದಿಗೆ ಬರೋದು ಓನರ್ ಅಲ್ಲ, ಅಲ್ಲಿರೋ ಹುಡುಗಿಯರು.

ಹಾಗಂತ ಆ ಎಪ್ಪತ್ತು ನಮ್ಮವರು ಸುಮ್ಮನೆ ಗಾಳಿಯಲ್ಲಿ ಬರೆದ ಸಂಖ್ಯೆ ಅಂದ್ಕೋಬೇಡಿ. ಇಂಗ್ಲೆಂಡಿನಲ್ಲಿ 2018ರ ಅಕ್ಟೋಬರ್‌ನಿಂದ, ಹಲವರು ಹಂಚಿಕೊಂಡಿರೋ ಲೈಸೆನ್ಸ್ ಪಡೆದ ಬಾಡಿಗೆ ಮನೆಗಳಲ್ಲಿ ವಯಸ್ಕರೊಬ್ಬರು ಮಲಗುವ ಕೋಣೆ ಕನಿಷ್ಠ 6.51 ಚದರ ಮೀಟರ್ ಇರಬೇಕು. ಲೆಕ್ಕ ಹಾಕಿದರೆ ಅದೂ 70 ಚದರಡಿಯೇ! ವ್ಯತ್ಯಾಸ ಇರೋದು ಬೇರೆ ಕಡೆ. ಅಲ್ಲಿ ಯಾವ ಕೋಣೆಯಲ್ಲಿ ಎಷ್ಟು ಜನ ಮಲಗಬಹುದು ಅಂತ ಲೈಸೆನ್ಸಿನಲ್ಲೇ ಬರೆದಿರುತ್ತೆ. ಲೈಸೆನ್ಸ್ ಪಡೆದ ಮನೆಗಳ ಪಟ್ಟಿಯನ್ನು ಯಾರು ಬೇಕಾದರೂ ನೋಡಬಹುದು. ಅಂದರೆ, ಪರಿಶೀಲನೆಯ ಫಲ ಬಾಡಿಗೆ ಕಟ್ಟುವವನ ಕಣ್ಣಿಗೂ ಬೀಳುತ್ತೆ.

ನಾನು ಕೇಳೋದೂ ಇಷ್ಟೇ. ಪ್ರತಿ ರೂಮಿನ ಬಾಗಿಲ ಮೇಲೆ ಮೂರು ಸಾಲು ಇರಲಿ: ಎಷ್ಟು ಚದರಡಿ, ಎಷ್ಟು ಜನ, ಕೊನೆಯ ಸಲ ಯಾವಾಗ ಪರಿಶೀಲಿಸಿದ್ದು. ಗೇಟಿನ ಹತ್ತಿರ ಇನ್ನೊಂದು ಸಾಲು, ಬೆಂಕಿ ಬಿದ್ದರೆ ಹೊರಬರೋ ಎರಡನೇ ದಾರಿ ಯಾವುದು ಅಂತ. 2025ರ ಸೆಪ್ಟೆಂಬರ್ 2ರಂದು ಬಿಬಿಎಂಪಿ ಹೋಗಿ ಐದು ಪಾಲಿಕೆಗಳು ಬಂದವು, ಯಲಹಂಕ, ಹೆಬ್ಬಾಳ ಎಲ್ಲ ಬೆಂಗಳೂರು ಉತ್ತರ ನಗರ ಪಾಲಿಕೆಗೆ ಸೇರಿದವು. ಆಫೀಸಿನ ಬೋರ್ಡು ಬದಲಾಯಿತು, ರೂಮಿನ ಅಳತೆ ಅಷ್ಟೇ ಇದೆ. ಹೊಸ ಪಾಲಿಕೆ ಹೊಸದಾಗಿ ಏನಾದರೂ ಮಾಡೋದಾದರೆ ಈ ನಾಲ್ಕು ಸಾಲಿಂದ ಶುರು ಮಾಡಲಿ.

ತಂಗಿ ಕೊನೆಗೆ ಯಲಹಂಕ ನ್ಯೂ ಟೌನ್ ಕಡೆ ಸೇರಿಕೊಂಡಳು. ರೂಮಿನಲ್ಲಿ ಇಬ್ಬರು, ಅಳತೆ 120. ನಿಯಮಕ್ಕೆ ಇನ್ನೂ 20 ಚದರಡಿ ಕಮ್ಮಿ! ಆಫೀಸಿಗೆ ಬಸ್ಸಿನಲ್ಲಿ ಮುಕ್ಕಾಲು ಗಂಟೆ ಜಾಸ್ತಿ. ಆದರೆ ಹಿಂದುಗಡೆ ಕಬ್ಬಿಣದ ಮೆಟ್ಟಿಲಿದೆ, ಟೆರೇಸ್ ಬಾಗಿಲಿಗೆ ಒಳಗಿಂದ ಬರೀ ಚಿಲಕ. ಚಿಕ್ಕಪ್ಪನಿಗೆ "ಅಡ್ಡಿಲ್ಲ" ಅಂದೆ.

ನಿಮ್ಮ ರೂಮು, ನಿಮ್ಮ ತಮ್ಮ ತಂಗಿಯರ ಪಿಜಿ ಎಷ್ಟು ಚದರಡಿ? ಅಳೆದು ಕಾಮೆಂಟಿನಲ್ಲಿ ಬರೀರಿ. ಅದಕ್ಕೂ ಮುಂಚೆ ಒಮ್ಮೆ ಮೇಲೆ ಹತ್ತಿ ಟೆರೇಸ್ ಬಾಗಿಲು ತಳ್ಳಿ ನೋಡಿ.