ರೊಟ್ಟಿ, ದ್ರಾಕ್ಷಾರಸ ಮತ್ತು ನಿಕ್ಷೇಪ

ಸಿಂಧನೂರು, ಲಿಂಗಸುಗೂರು, ಮಸ್ಕಿಗಳ ಪೇಟೆಗಳಲ್ಲಿ ಜೈನ ವರ್ತಕರೂ ಕ್ರೈಸ್ತ ಗಿರಾಕಿಗಳೂ ಪರಸ್ಪರ ಅಪರಿಚಿತರಲ್ಲ. ಆದರೂ ಕ್ರೈಸ್ತರದು ‘ರಕ್ತಮಾಂಸ ಸೇವಿಸುವ ಪೂಜೆ’ ಎಂಬ ಹಗುರವಾದ ಮಾತು ಕೆಲವು ಶ್ರಾವಕರ ಬಾಯಲ್ಲಿ ಬರುವುದುಂಟು. ಅರಿಯದೆ ಆಡಿದರೂ ಅದು ವಚನಹಿಂಸೆಯೇ. ಕ್ರೈಸ್ತರೊಳಗೇ ಈ ವಿಷಯದಲ್ಲಿ ಎಷ್ಟು ವಿವಾದವಿದೆಯೆಂಬುದನ್ನು ತಿಳಿದವರು ಹಾಗೆ ಆಡಲಾರರು.

ಲಿಂಗಸುಗೂರು ತಾಲ್ಲೂಕಿನ ಮುದಗಲ್ಲಿನಲ್ಲಿ ಆದಿಲಶಾಹಿ ಕಾಲದಿಂದ ಬಂದ ಕ್ಯಾಥೊಲಿಕ್ ಸಮುದಾಯವಿದೆ. ಪಾದ್ರಿಗಳು ಬಲಿಪೂಜೆಯಲ್ಲಿ ಯೇಸುವಿನ ಮಾತುಗಳನ್ನು ನುಡಿದಾಗ ರೊಟ್ಟಿಯ ಬಣ್ಣ, ರುಚಿ, ಆಕಾರಗಳು ಹಾಗೆಯೇ ಉಳಿದು, ಅದರ ಮೂಲವಸ್ತು ಮಾತ್ರ ಕ್ರಿಸ್ತನ ಶರೀರವಾಗುತ್ತದೆಂಬುದು ಅವರ ಶ್ರದ್ಧೆ. ಟ್ರೆಂಟ್ ಮಹಾಸಭೆ 1551ರಲ್ಲಿ ಇದನ್ನೇ ಸಿದ್ಧಾಂತವಾಗಿ ಘೋಷಿಸಿತು. ತತ್ತ್ವಾರ್ಥಸೂತ್ರವನ್ನು ಓದಿದವರಿಗೆ ಇಲ್ಲಿ ಎಲ್ಲವೂ ತಿರುವುಮುರುವಾಗಿ ಕಾಣುತ್ತದೆ. ಬಳೆಯನ್ನು ಕರಗಿಸಿ ಸರ ಮಾಡಿದರೆ ಪರ್ಯಾಯ ಬದಲಾಯಿತು, ಚಿನ್ನವೆಂಬ ದ್ರವ್ಯ ಉಳಿಯಿತು. ಪರಮಪ್ರಸಾದದಲ್ಲಾದರೋ ಬಳೆ ಬಳೆಯಾಗಿಯೇ ಇದ್ದು ಚಿನ್ನವೇ ಬೇರೊಂದಾದಂತೆ! (ಹಟ್ಟಿಯ ಗಣಿ ಹತ್ತಿರದಲ್ಲೇ ಇರುವ ಈ ನಾಡಿನವರಿಗೆ ಚಿನ್ನದ ದೃಷ್ಟಾಂತ ಹೆಚ್ಚು ವಿವರಿಸಬೇಕಿಲ್ಲ.)

1529ರಲ್ಲಿ ಜರ್ಮನಿಯ ಮಾರ್ಬುರ್ಗ್‌ನಲ್ಲಿ ಲೂಥರ್ ಮತ್ತು ಜ್ವಿಂಗ್ಲಿ ಇದೇ ವಿಷಯಕ್ಕಾಗಿ ಎದುರುಬದುರು ಕುಳಿತರು. ‘ಇದು ನನ್ನ ದೇಹ’ ಎಂಬ ಮಾತನ್ನು ಲೂಥರ್ ಸೀಮೆಸುಣ್ಣದಿಂದ ಮೇಜಿನ ಮೇಲೆ ಬರೆದು, ಅದರಿಂದ ಕದಲಲಿಲ್ಲ. ರೊಟ್ಟಿ ರೊಟ್ಟಿಯಾಗಿಯೇ ಇದ್ದರೂ ಅದರೊಡನೆ ಕ್ರಿಸ್ತನ ದೇಹವೂ ನಿಜವಾಗಿ ಇದೆಯೆಂಬುದು ಅವರ ನಿಲುವು. ‘ಇದು’ ಎಂದರೆ ‘ಇದು ಸೂಚಿಸುತ್ತದೆ’ ಎಂದು ಜ್ವಿಂಗ್ಲಿಯವರ ವಾದ. ಹದಿನಾಲ್ಕು ಅಂಶಗಳಲ್ಲಿ ಒಪ್ಪಿದವರು ಹದಿನೈದನೆಯದರಲ್ಲಿ ಬೇರೆಯಾದರು. ದೇಹ ಸ್ವರ್ಗದಲ್ಲಿದ್ದರೂ ಭಕ್ತನು ಆತ್ಮದ ಮೂಲಕ ನಿಜವಾಗಿ ಅದರಲ್ಲಿ ಪಾಲುಗೊಳ್ಳುತ್ತಾನೆಂದು ಕ್ಯಾಲ್ವಿನ್ ಬಳಿಕ ಹೇಳಿದರು. ರಾಯಚೂರು ಸೀಮೆಯಲ್ಲಿ ಕೆಲಸ ಮಾಡಿದ ಮೆಥಡಿಸ್ಟರಲ್ಲಿ ಪಾನನಿಷೇಧದ ಒಲವು ಪ್ರಬಲ. 1869ರಲ್ಲಿ ಅಮೆರಿಕದ ಮೆಥಡಿಸ್ಟ್ ಥಾಮಸ್ ವೆಲ್ಚ್ ಹುದುಗದ ದ್ರಾಕ್ಷಿರಸವನ್ನು ಪ್ರಭುಭೋಜನಕ್ಕೆಂದೇ ಸಿದ್ಧಪಡಿಸಿದರು. ಮದ್ಯತ್ಯಾಗಿ ಶ್ರಾವಕರು ಇದನ್ನು ಮೆಚ್ಚದಿರರು.

ಜ್ವಿಂಗ್ಲಿಯವರ ಮಾತು ಜೈನರಿಗೆ ಬೇಗ ತಿಳಿಯುತ್ತದೆ. ಚದುರಂಗದ ಕಾಯಿಯನ್ನು ರಾಜನೆನ್ನುವುದು ಸ್ಥಾಪನಾನಿಕ್ಷೇಪ. ಆಕಾರದ ಹೋಲಿಕೆ ಬೇಕಿಲ್ಲ. ಆದರೆ ಈ ಅಳತೆಗೋಲನ್ನು ಮುದಗಲ್ಲಿನವರ ಶ್ರದ್ಧೆಗೆ ಹಚ್ಚಿ, ‘ಅವರದೂ ಬರಿಯ ಸಂಕೇತವೇ’ ಎನ್ನುವುದು ಅನ್ಯಾಯ. ಸ್ಯಾದ್ವಾದದ ಹೆಸರಿನಲ್ಲಿ ಎಲ್ಲವೂ ಒಂದೇ ಎನ್ನುವವರು ಸ್ಯಾದ್ವಾದವನ್ನೂ ಅರಿತಿಲ್ಲ, ಕ್ರೈಸ್ತರನ್ನೂ ಅರಿತಿಲ್ಲ. ಜಿನಬಿಂಬದ ಪೂಜೆಯ ಬಗ್ಗೆ ಮೂರ್ತಿಪೂಜಕರಿಗೂ ಸ್ಥಾನಕವಾಸಿಗಳಿಗೂ ಇರುವ ಭೇದ ಬರಿಯ ಶಬ್ದಭೇದವೆಂದರೆ ಅವರಲ್ಲಿ ಯಾರು ಒಪ್ಪಿಯಾರು? ಕ್ಯಾಥೊಲಿಕರು ಪ್ರಾಟೆಸ್ಟೆಂಟರ ಪ್ರಭುಭೋಜನವನ್ನು ಸ್ವೀಕರಿಸಲು ಅವರ ಧರ್ಮಸಭೆಯ ನಿಯಮ ಇಂದಿಗೂ ಒಪ್ಪುವುದಿಲ್ಲ.