ಹನಿ ಕೂಡಿಸಿ ಕಟ್ಟಿದ ಊರು: ಜೋಧಪುರ

ಬೆಂಗಳೂರಿನಿಂದ ಹುಬ್ಬಳ್ಳಿಯ ಮಾರ್ಗವಾಗಿ ಜೋಧಪುರಕ್ಕೆ ಹೋಗುವ ರೈಲಿನಲ್ಲಿ ಊರಿಗೆ ಮರಳುವ ಮಾರವಾಡಿ ಕುಟುಂಬಗಳು ಎಂದೂ ತಪ್ಪುವುದಿಲ್ಲ. ಚಿಕ್ಕಪೇಟೆಯ ಅಂಗಡಿಯಲ್ಲಿ ಕುಳಿತು ಸರಾಗವಾದ ಕನ್ನಡದಲ್ಲಿ ವ್ಯಾಪಾರ ಮಾಡುವ ಸೇಟರು, ಗುಜರಾತಿನ ಗಡಿ ಹಿಂದೆ ಬಿದ್ದೊಡನೆ ತಮ್ಮ ನುಡಿಯಲ್ಲಿ ಮಾತಿಗೆ ತೊಡಗುತ್ತಾರೆ. ಕಿಟಕಿಯ ಹೊರಗೆ ಹಸುರು ಮೆಲ್ಲಮೆಲ್ಲನೆ ಕರಗುತ್ತದೆ. ಕುರುಚಲು ಮುಳ್ಳುಗಿಡ, ಕಂದು ಮರಳು, ಅಲ್ಲಲ್ಲಿ ಒಂಟೆ. ಕೊನೆಗೆ ಲೂಣಿ ಜಂಕ್ಷನ್.

ಲೂಣಿ ಎಂಬುದು ಆ ಸೀಮೆಯ ನದಿಯ ಹೆಸರು. ‘ಲವಣ’ವೆಂಬ ಶಬ್ದವೇ ಅದರ ಮೂಲ. ಅಜ್ಮೀರದ ಬಳಿ ಅರಾವಳಿ ಬೆಟ್ಟಗಳಲ್ಲಿ ಸಿಹಿಯಾಗಿ ಹುಟ್ಟಿ, ಹರಿಯುತ್ತ ಹೋದಂತೆ ಉಪ್ಪಾಗಿ, ಸಮುದ್ರವನ್ನು ಸೇರದೆ ಕಚ್ಛದ ರಣದಲ್ಲಿ ಇಂಗಿಹೋಗುವ ನದಿ ಅದು. ಇಂಥ ನದಿಯ ಸೀಮೆಯಲ್ಲಿ, ವರ್ಷಕ್ಕೆ ಸರಾಸರಿ 36 ಸೆಂಟಿಮೀಟರು ಮಳೆ ಬೀಳುವ ಬಂಡೆಗಾಡಿನಲ್ಲಿ, ರಾಜಸ್ಥಾನದ ಎರಡನೆಯ ದೊಡ್ಡ ನಗರ ನಿಂತಿದೆ. 2011ರ ಜನಗಣತಿಯಲ್ಲಿಯೇ ಅದರ ಜನಸಂಖ್ಯೆ ಹತ್ತು ಲಕ್ಷವನ್ನು ಮೀರಿತ್ತು. ಇಷ್ಟು ಜನ ಇಲ್ಲಿ ಹೇಗೆ ಬಾಳಿದರು ಎಂಬ ಪ್ರಶ್ನೆಗೆ ಉತ್ತರವೇ ಜೋಧಪುರದ ಚರಿತ್ರೆ.

ಆ ಚರಿತ್ರೆ ಶಾಪವೊಂದರಿಂದ ಆರಂಭವಾಗುತ್ತದೆ. ರಾಠೋಡ ವಂಶದ ರಾವ್ ಜೋಧಾ 1459ರಲ್ಲಿ ತನ್ನ ರಾಜಧಾನಿಯನ್ನು ಮಂಡೋರದಿಂದ ಇಲ್ಲಿಗೆ ತಂದನು. ಸುಮಾರು ನಾನೂರು ಅಡಿ ಎತ್ತರದ ಕಡಿದಾದ ಬಂಡೆಯನ್ನು ಕೋಟೆಗಾಗಿ ಆರಿಸಿಕೊಂಡನು. ಅಲ್ಲಿ ಚಿಡಿಯಾನಾಥಜಿ ಎಂಬ ಯೋಗಿ ವಾಸವಾಗಿದ್ದನಂತೆ. ಹಕ್ಕಿಗಳ ಒಡನಾಡಿಯಾದ ಆತನನ್ನು ಎಬ್ಬಿಸಿದಾಗ, “ನಿನ್ನ ಕೋಟೆಗೆ ನೀರಿನ ಬರ ತಪ್ಪದಿರಲಿ” ಎಂದು ಶಪಿಸಿ ಹೊರಟುಹೋದನೆಂದು ಐತಿಹ್ಯ. ಶಾಪ ಪರಿಹಾರಕ್ಕಾಗಿ ರಾಜಾರಾಮ ಮೇಘವಾಲ ಎಂಬಾತ ಕೋಟೆಯ ಅಡಿಪಾಯದಲ್ಲಿ ಜೀವಂತ ಹೂಳಿಸಿಕೊಂಡನೆಂದೂ ಹೇಳುತ್ತಾರೆ. ಮೆಹರಾನ್‌ಗಢವನ್ನು ನೋಡಹೋದವರಿಗೆ ಆತನ ಸ್ಮಾರಕ ಇಂದಿಗೂ ಕಾಣಸಿಗುತ್ತದೆ. ಕೋಟೆಯ ಅರಮನೆಗಳ ಕುಸುರಿಯ ಜಾಲಂಧ್ರಗಳನ್ನು ಕಂಡು ಬೆರಗಾಗುವವರು, ಆ ಶಿಲೆಯ ಮುಂದೆಯೂ ಅರೆಗಳಿಗೆ ನಿಲ್ಲುವುದು ಒಳ್ಳೆಯದು. ರಾಜವೈಭವದ ಕೆಳಗೆ ಯಾರ ಎಲುಬು ಇದೆ ಎಂಬುದನ್ನು ಅದು ನೆನಪಿಸುತ್ತದೆ.

ಕೋಟೆಯ ಗೋಡೆಯಂಚಿನಿಂದ ಕೆಳಗೆ ನೋಡಿದರೆ ಹಳೆಯ ಊರು ಒಂದಕ್ಕೊಂದು ಆನಿಸಿಟ್ಟ ಪೆಟ್ಟಿಗೆಗಳಂತೆ ಕಾಣುತ್ತದೆ. ಅವುಗಳಲ್ಲಿ ಎಷ್ಟೋ ಮನೆಗಳು ನೀಲಿ. ಸುಣ್ಣಕ್ಕೆ ನೀಲಿ ಬೆರೆಸಿ ಬಳಿಯುವ ಈ ವಾಡಿಕೆ ಬ್ರಹ್ಮಪುರಿಯ ಬ್ರಾಹ್ಮಣರ ಮನೆಗಳಲ್ಲಿ ಮೊದಲಾಯಿತೆನ್ನುವವರುಂಟು. ಬಿಸಿಲಿನ ಝಳ ತಡೆಯಲೆನ್ನುವವರೂ, ಗೆದ್ದಲು ಹತ್ತದಿರಲೆನ್ನುವವರೂ ಉಂಟು. ಕಾರಣವೇನೇ ಇರಲಿ, ಮೇ ತಿಂಗಳ ಉರಿಯಲ್ಲಿ ಆ ನೀಲಿ ಕಣ್ಣಿಗೆ ತಂಪೆರೆಯುವುದಂತೂ ನಿಜ.

ಓಣಿಗಳು ಇಕ್ಕಟ್ಟು. ಹಾಗೆ ಇರುವುದರಿಂದಲೇ ಹಗಲಿನ ಬಹುಹೊತ್ತು ಅಲ್ಲಿ ನೆರಳು. ಊರ ನಡುವಿನ ಗಡಿಯಾರದ ಗೋಪುರ ಮಹಾರಾಜ ಸರ್ದಾರಸಿಂಹನ ಕಾಲದ್ದು. ಅದರ ಸುತ್ತಲಿನ ಪೇಟೆಯಲ್ಲಿ ಮೆಣಸಿನಕಾಯಿಯ ಘಾಟು, ಬಾಂಧಣಿ ಸೀರೆಗಳ ಬಣ್ಣ, ಲಾಖದ ಬಳೆಗಳ ಸದ್ದು ಒಟ್ಟಿಗೆ ಎದುರುಗೊಳ್ಳುತ್ತವೆ. ದಪ್ಪ ಮೆಣಸಿನಕಾಯಿಯ ಹೊಟ್ಟೆಗೆ ಆಲೂಗಡ್ಡೆಯ ಪಲ್ಯ ತುಂಬಿ, ಕಡಲೆಹಿಟ್ಟಿನಲ್ಲಿ ಅದ್ದಿ ಕರಿಯುವ ಮಿರ್ಚಿವಡೆ ಇಲ್ಲಿಯ ಬೆಳಗಿನ ಉಪಾಹಾರ. ನಮ್ಮ ಬಜ್ಜಿಯ ಈ ಹಿರಿಯಣ್ಣನನ್ನು ತಿಂದು ಕಣ್ಣೀರು ಸುರಿಸುವ ಪರಊರಿನವನ ಮುಂದೆ ಅಂಗಡಿಯವನು ಖೋವ ತುಂಬಿದ ಮಾವಾ ಕಚೋರಿಯನ್ನು ನಗುತ್ತ ಇಡುತ್ತಾನೆ. ಮಾತಿನಲ್ಲಿಯೂ ಅಷ್ಟೇ ಸಿಹಿ. ‘ಖಮ್ಮಾ ಘಣಿ’ ಎಂದು ವಂದಿಸುವ, ಹೆಸರಿನ ಕೊನೆಗೆ ‘ಸಾ’ ಸೇರಿಸಿ ಕರೆಯುವ ಮರ್ಯಾದೆ ಬೀದಿಬದಿಯ ವ್ಯಾಪಾರದಲ್ಲಿಯೂ ಬಿಟ್ಟುಹೋಗಿಲ್ಲ. ಕನ್ನಡ ನಾಡಿನ ಮದುಮಕ್ಕಳೂ ತೊಡುವ ಜೋಧಪುರಿ ಕೋಟು ಈ ಊರಿನ ಹೆಸರನ್ನು ದೂರದೂರಕ್ಕೆ ಒಯ್ದಿದೆ.

ಆದರೆ ಜೋಧಪುರದ ನಿಜವಾದ ಶಿಲ್ಪವನ್ನು ಕಾಣಬೇಕಾದರೆ ಕೋಟೆಯಿಂದ ಇಳಿದು ಬರಬೇಕು. ಬಂಡೆಯ ಮೇಲೆ ಬಿದ್ದ ಮಳೆ ನಿಲ್ಲದೆ ಜಾರಿಹೋಗುತ್ತದೆ. ಅದನ್ನು ಹಿಡಿಯಲೆಂದು ಬೆಟ್ಟಗಳ ಇಳಿಜಾರಿನಲ್ಲಿ ಕಾಲುವೆಗಳನ್ನು ಕಡೆದರು. ಕಾಲುವೆಯ ನೀರನ್ನು ಕೆರೆಗೆ ತಂದರು. ಕೆರೆಯಿಂದ ಇಂಗಿದ ನೀರು ಕೆಳಗಿನ ಬಾವಿಗಳಲ್ಲಿ ಉಕ್ಕುವಂತೆ ನೋಡಿಕೊಂಡರು. ಹೀಗೆ ಒಂದೇ ಹನಿಗೆ ಎರಡು ಮೂರು ಬಾರಿ ದುಡಿಮೆ. ಮೆಟ್ಟಿಲುಗಳಿಳಿದು ಹೋಗುವ ಬಾವಡಿಗಳು, ನಾಲ್ಕು ಕಡೆಯ ಸೋಪಾನಗಳ ಝಾಲರಾಗಳು, ಮನೆಯ ಅಂಗಳದಲ್ಲಿ ಮಳೆನೀರು ತುಂಬಿಡುವ ಟಾಂಕಾಗಳು — ನೀರಿನ ಪಾತ್ರೆಗೆ ಇಷ್ಟು ಹೆಸರುಗಳಿರುವ ನುಡಿ ನೀರಿಲ್ಲದ ನಾಡಿನದೇ ಆಗಿರಬೇಕು.

ಇವುಗಳಲ್ಲಿ ಹಲವು ಹೆಂಗಸರು ಕಟ್ಟಿಸಿದವು ಎಂಬುದು ಗಮನಾರ್ಹ. ಕೋಟೆಯ ಬುಡದ ರಾಣೀಸರ ಜೋಧಾನ ರಾಣಿ ಜಸ್ಮಾದೆಯದು. ತೂರ್‌ಜಿ ಝಾಲರಾ 1740ರ ದಶಕದಲ್ಲಿ ಮಹಾರಾಜ ಅಭಯಸಿಂಹನ ರಾಣಿ ಮಾಡಿಸಿದ್ದು. ಗುಲಾಬ್ ಸಾಗರ ಅದೇ ಶತಮಾನದ ಉತ್ತರಾರ್ಧದಲ್ಲಿ ಮಹಾರಾಜ ವಿಜಯಸಿಂಹನ ಪ್ರೇಯಸಿ ಗುಲಾಬರಾಯಿಯಿಂದಾದದ್ದು. ಗಂಡಸರು ಕೋಟೆ ಗೆದ್ದುದು, ಕಳೆದುಕೊಂಡುದು ಚರಿತ್ರೆಯ ಪುಟ ಸೇರಿತು. ಹೆಂಗಸರು ತೋಡಿಸಿದ ನೀರು ಊರಿನ ಹೊಟ್ಟೆ ಸೇರಿತು.

ಇಷ್ಟೆಲ್ಲ ಇದ್ದೂ ಮಳೆ ಪೂರ್ತಿ ಕೈಕೊಟ್ಟ ವರ್ಷಗಳುಂಟು. ವಿಕ್ರಮ ಸಂವತ್ಸರ 1956ರಲ್ಲಿ, ಎಂದರೆ ಕ್ರಿ. ಶ. 1899–1900ರಲ್ಲಿ, ಮಾರವಾಡವನ್ನು ಸುಟ್ಟ ಕ್ಷಾಮಕ್ಕೆ ‘ಛಪ್ಪನಿಯಾ’ ಎಂದು ಹೆಸರು. ದನಕರು ಅಳಿದವು, ಜನ ಊರು ಬಿಟ್ಟು ನಡೆದರು. ಅಜ್ಜಿಯರ ಬಾಯಲ್ಲಿ ಆ ಹೆಸರು ತಲೆಮಾರುಗಳವರೆಗೆ ಉಳಿಯಿತು. ಮುಂದೆ 1920ರ ದಶಕದಲ್ಲಿ ಮತ್ತೆ ಬರ ಬಂದಾಗ ಮಹಾರಾಜ ಉಮೈದಸಿಂಹನು ಪ್ರಜೆಗಳಿಗೆ ಕೂಲಿ ಒದಗಿಸಲೆಂದು ಚಿತ್ತರ್ ಗುಡ್ಡದ ಮೇಲೆ ಹೊಸ ಅರಮನೆ ಕಟ್ಟಿಸಿದನು. 1929ರಲ್ಲಿ ಅಡಿಗಲ್ಲು ಬಿದ್ದ ಉಮೈದ ಭವನ ಮುಗಿದದ್ದು 1943ರಲ್ಲಿ. ಈಗ ಅದರ ಒಂದು ಭಾಗ ರಾಜಮನೆತನದ ವಾಸ, ಒಂದು ಭಾಗ ವಸ್ತುಸಂಗ್ರಹಾಲಯ, ಮತ್ತೊಂದು ಭಾಗ ಸಿರಿವಂತರ ಹೋಟೆಲು. ಹಸಿದವರ ಕೈಯಿಂದ ಎದ್ದ ಆ ಹೊಂಬಣ್ಣದ ಗುಮ್ಮಟದ ಕೆಳಗೆ ಇಂದು ಔತಣಗಳು ನಡೆಯುತ್ತವೆ.

ಬರಗಾಲದಲ್ಲಿ ಈ ನಾಡನ್ನು ಕೈಬಿಡದ ಮರ ಒಂದಿದೆ, ಅದು ಖೇಜಡಿ. ಕನ್ನಡಿಗರು ವಿಜಯದಶಮಿಯಂದು ಪೂಜಿಸುವ ಬನ್ನಿಯೇ ಇದು. ಇದರ ಎಲೆ ಮೇವು, ನೆರಳಿನಲ್ಲಿ ಬೆಳೆ. ಒಣಗಿಸಿಟ್ಟ ಕಾಯಿ ‘ಸಾಂಗರಿ’ಯೆಂಬ ಹೆಸರಿನಲ್ಲಿ ಮದುವೆಯೂಟದ ಪಲ್ಯ. ನಗರದ ಆಗ್ನೇಯಕ್ಕಿರುವ ಖೇಜಡ್ಲಿ ಗ್ರಾಮಕ್ಕೆ 1730ರಲ್ಲಿ ಅರಮನೆಯ ಸುಣ್ಣದ ಗೂಡಿಗೆ ಸೌದೆ ಬೇಕೆಂದು ರಾಜಭಟರು ಕೊಡಲಿ ಹಿಡಿದು ಬಂದರು. ಅದು ಬಿಷ್ಣೋಯಿಗಳ ಊರು. ಗುರು ಜಾಂಭೋಜಿ 1485ರಲ್ಲಿ ವಿಧಿಸಿದ ಇಪ್ಪತ್ತೊಂಬತ್ತು ನಿಯಮಗಳಲ್ಲಿ ಹಸಿಮರ ಕಡಿಯಬಾರದೆಂಬುದೂ ಒಂದು. ಅಮೃತಾದೇವಿ ಎಂಬ ಗೃಹಿಣಿ ಮರವನ್ನು ತಬ್ಬಿ ನಿಂತು ತಲೆಗೊಟ್ಟಳು. ಆಕೆಯ ಮೂವರು ಹೆಣ್ಣುಮಕ್ಕಳು ಹಿಂಬಾಲಿಸಿದರು. ರಾಜಾಜ್ಞೆ ಹಿಂದೆ ಸರಿಯುವಷ್ಟರಲ್ಲಿ 363 ಜನ ಬಲಿಯಾಗಿದ್ದರು. ಹಿಮಾಲಯದ ಚಿಪ್ಕೊ, 1983ರಲ್ಲಿ ಉತ್ತರ ಕನ್ನಡದಲ್ಲಿ ಮೊದಲಾದ ಅಪ್ಪಿಕೊ — ಮರವನ್ನು ತಬ್ಬಿದ ಈ ಎಲ್ಲ ಕೈಗಳಿಗೂ ಖೇಜಡ್ಲಿಯ ಹೆಂಗಸು ಹಿರಿಯಕ್ಕ.

ನೀರು ಅಪರೂಪವಾದಲ್ಲಿ ಅದರ ಲೆಕ್ಕವೂ ಬಿಗಿ. ಮಿಂದ ನೀರನ್ನು ಬಟ್ಟೆಗೆ, ಬಟ್ಟೆಯ ನೀರನ್ನು ನೆಲ ಒರೆಸಲು ಬಳಸುವ ಮಿತವ್ಯಯ ಈ ಸೀಮೆಯ ಮನೆವಾರ್ತೆಯಲ್ಲಿ ಹಾಸುಹೊಕ್ಕಾಗಿತ್ತು. ಊರು ಬಿಟ್ಟು ದಕ್ಷಿಣಕ್ಕೆ ಬಂದ ಮಾರವಾಡಿಗಳ ಜಿಪುಣತನವನ್ನು ಕುರಿತು ನಗೆಮಾತು ಆಡುವವರು, ಆ ಕೈಬಿಗಿಯನ್ನು ಕಲಿಸಿದ ಪಾಠಶಾಲೆ ಯಾವುದೆಂದು ಬಲ್ಲರೇ?

ಇಂತಹ ಊರಿಗೆ 1990ರ ದಶಕದಲ್ಲಿ ಹಿಮಾಲಯದ ನೀರು ಬಂದಿತು. ಪಂಜಾಬಿನಲ್ಲಿ ಸಟ್ಲೆಜ್ ಮತ್ತು ಬಿಯಾಸ್ ನದಿಗಳು ಕೂಡುವ ಹರೀಕೆಯಿಂದ ಹೊರಡುವ ಇಂದಿರಾ ಗಾಂಧಿ ಕಾಲುವೆಯ ನೀರನ್ನು ಪಂಪುಗಳಿಂದ ಮೇಲೆತ್ತಿ ಜೋಧಪುರದ ಕಾಯಲಾಣ ಕೆರೆಗೆ ಹರಿಸಿದರು. ಮನೆಮನೆಯಲ್ಲಿ ನಲ್ಲಿ ತಿರುಗಿತು. ಮೈಲಿಗಟ್ಟಲೆ ಕೊಡ ಹೊತ್ತವರಿಗೆ ಅದು ಎಂತಹ ಸುಖವೆಂಬುದನ್ನು ಹೊರದವರು ಅಳೆಯಲಾರರು. ಯೋಗಿಯ ಶಾಪ ಐದು ಶತಮಾನಗಳ ಮೇಲೆ ತೀರಿತೆಂದೇ ಜನ ಭಾವಿಸಿದರೆ ತಪ್ಪೇನು?

ಆದರೆ ನಲ್ಲಿ ಬಂದಮೇಲೆ ಬಾವಡಿಗಳನ್ನು ಕೇಳುವವರಿಲ್ಲವಾದರು. ರಾಣಿಯರ ಮೆಟ್ಟಿಲುಗಳು ಕಸದಲ್ಲಿ ಮುಚ್ಚಿದವು. ಬೆಟ್ಟದ ಕಾಲುವೆಗಳನ್ನು ಕಲ್ಲುಗಣಿಗಳೂ ಹೊಸ ಬಡಾವಣೆಗಳೂ ತುಂಡರಿಸಿದವು. ಸೇದುವವರಿಲ್ಲದೆ, ಸೋರುವ ನೀರೂ ಕೂಡಿಕೊಂಡು, ನೆಲದಡಿಯ ಜಲ ಏರತೊಡಗಿತು. ಹಳೆಯ ಊರಿನ ನೆಲಮಾಳಿಗೆಗಳಲ್ಲಿ ನೀರು ಜಿನುಗಿ, ಪಂಪು ಹಚ್ಚಿ ಹೊರಚೆಲ್ಲುವ ಸ್ಥಿತಿ ಬಂದಿತು. ಮರುಭೂಮಿಯ ನಗರದಲ್ಲಿ ಅಂಗಡಿಯ ತಳಮನೆ ಮುಳುಗುವುದೆಂದರೆ ಜೋಧಾನಿಗೂ ನಂಬಿಕೆ ಹುಟ್ಟುತ್ತಿರಲಿಲ್ಲ.

ಇನ್ನೊಂದು ಮುಖವೂ ಇದೆ. ಕಾಲುವೆಯ ದುರಸ್ತಿಗಾಗಿ ಬೇಸಗೆಯ ಹೊತ್ತಿಗೆ ನೀರನ್ನು ಕೆಲವು ವಾರ ನಿಲ್ಲಿಸುವುದುಂಟು. ಆಗ ನಗರದ ಉಸಿರು ಕಾಯಲಾಣದಲ್ಲಿ ಕೂಡಿಟ್ಟ ನೀರಿನ ಮೇಲೆ. 2022ರ ಬೇಸಗೆಯಲ್ಲಿ ನೆರೆಯ ಪಾಲಿ ನಗರದ ಅಣೆಕಟ್ಟು ಬತ್ತಿದಾಗ, ಜೋಧಪುರದಿಂದ ರೈಲಿನಲ್ಲಿ ನೀರು ಸಾಗಿಸಬೇಕಾಯಿತು. ಶಾಪ ಹೊತ್ತ ಊರೇ ನೆರೆಯೂರಿಗೆ ನೀರುಣಿಸಿದ್ದು ಹೆಮ್ಮೆಯ ಸಂಗತಿ. ಆದರೆ ಆ ನೀರೂ ನೂರಾರು ಮೈಲಿ ದೂರದ ಹೊಳೆಗಳದು. ಅಲ್ಲಿ ತಡೆಯಾದರೆ ಇಲ್ಲಿ ಆಸರೆ ಯಾವುದು?

ಈ ಪ್ರಶ್ನೆ ಊರವರಲ್ಲಿ ಕೆಲವರನ್ನು ಎಚ್ಚರಿಸಿದೆ. ತೂರ್‌ಜಿ ಝಾಲರಾದಲ್ಲಿ ದಶಕಗಳ ಕೊಳಚೆಯನ್ನು ಈಚಿನ ವರ್ಷಗಳಲ್ಲಿ ತೆಗೆಸಿದಾಗ, ಅಡಿಯಿಂದ ಕೆಂಪು ಕಲ್ಲಿನ ಆನೆ, ಸಿಂಹಗಳ ಕೆತ್ತನೆಗಳು ಮತ್ತೆ ಬೆಳಕು ಕಂಡವು. ಈಗ ಸಂಜೆಯ ಹೊತ್ತು ಓಣಿಯ ಹುಡುಗರು ಎತ್ತರದ ಕಟ್ಟೆಯಿಂದ ಕೇಕೆ ಹಾಕಿ ನೀರಿಗೆ ನೆಗೆಯುತ್ತಾರೆ. ಪ್ರವಾಸಿಗರು ಚಿತ್ರ ತೆಗೆಯುತ್ತಾರೆ. ಆ ಮೆಟ್ಟಿಲಿಳಿದು ಒಮ್ಮೆ ಕೊಡ ತುಂಬಿದ ಮುದುಕಿಯೊಬ್ಬಳು ಹಾದುಹೋಗುವಾಗ ಮಕ್ಕಳನ್ನು ಗದರಿದರೆ, ಅದು ಅವರು ಬಿದ್ದಾರೆಂಬ ಭಯಕ್ಕೆ ಮಾತ್ರವಲ್ಲ; ಕುಡಿಯುವ ನೀರಿಗೆ ಕಾಲು ತಾಗಿಸಬಾರದೆಂಬ ಹಳೆಯ ನೆನಪಿಗೂ ಇರಬಹುದು. ಜೋಧಪುರವನ್ನು ಇಂದಿನವರೆಗೆ ಕಾಪಾಡಿದ್ದು ಅದೇ ನೆನಪು.