ಹೊರಗೆ ನಿಂತ ಅಣ್ಣ

ಕ್ರೈಸ್ತ ಪ್ರಣಯ ಕಾದಂಬರಿಗಳನ್ನು ಓದುವವರಿಗೆ ಅವುಗಳ ಕೊನೆಯ ಅಧ್ಯಾಯವು ಮೊದಲೇ ತಿಳಿದಿರುವುದು. ಮುನಿದ ತಂದೆ ಕ್ರಿಸ್ಮಸ್ಸಿನ ರಾತ್ರಿ ಬಾಗಿಲು ತೆರೆಯುವನು, ಮಗಳು ಕಾಲಿಗೆರಗುವಳು, ಎಲ್ಲರ ಕಣ್ಣುಗಳೂ ತುಂಬುವುವು. ನನ್ನ ತಂಗಿಗೆ ಇಂತಹ ಪುಸ್ತಕಗಳು ಬಹು ಪ್ರಿಯವಾಗಿದ್ದುವು. ಅವಳು ನಮ್ಮ ಮೂಡಿಗೆರೆಯ ಮನೆಯನ್ನು ಬಿಟ್ಟುಹೋದ ಮೇಲೂ ಅವು ಕಪಾಟಿನಲ್ಲಿಯೇ ಉಳಿದುವು. ನಾನು ಮುಟ್ಟಲಿಲ್ಲ, ಎಸೆಯಲೂ ಇಲ್ಲ.

ಅವಳ ಅಪರಾಧವಿಷ್ಟೆ: ನಾವು ಕಥೋಲಿಕರು, ಅವಳು ವರಿಸಿದವನು ಪ್ರೊಟೆಸ್ಟೆಂಟನು. ಅವನ ಹಿರಿಯರು 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಶನ್ನಿನ ಸಭೆಯವರು. ನಮ್ಮ ಹಿರಿಯರೂ ಅದೇ ಕರಾವಳಿಯಿಂದ ಘಟ್ಟ ಹತ್ತಿ ಕಾಫಿಯ ಸೀಮೆಗೆ ಬಂದವರೇ. ಇಂತಹ ವಿವಾಹಗಳ ಕಟ್ಟಳೆಯನ್ನು ಆರನೆಯ ಪೌಲ್ ಪೋಪರು 1970ರಲ್ಲಿಯೇ ಸಡಿಲಿಸಿದ್ದರು. ಧರ್ಮಾಧ್ಯಕ್ಷರ ಅನುಮತಿಯೂ ದೊರೆಯಿತು. ದೊರೆಯದೆ ಹೋದುದು ನನ್ನ ಅನುಮತಿ. ತಂದೆಯವರಿಗೆ ವಯಸ್ಸಾಗಿತ್ತು, ತೋಟದ ವ್ಯವಹಾರವೆಲ್ಲ ನನ್ನ ಕೈಯಲ್ಲಿತ್ತು. ಮದುವೆಗೆ ಮನೆಯಿಂದ ಯಾರೂ ಹೋಗಕೂಡದೆಂದು ನಾನೇ ತಡೆದೆನು. ಅವಳು ಗಂಡನೊಡನೆ ಕಳಸದಲ್ಲಿ ನೆಲಸಿದಳು.

ಕಾಫಿಯ ಗಿಡಕ್ಕೆ ಮಾರ್ಚ್ ಏಪ್ರಿಲ್ ತಿಂಗಳುಗಳಲ್ಲಿ ಹೂಮಳೆ ಬೇಕು. ಅದು ಬಿದ್ದ ಎಂಟು ಹತ್ತು ದಿನಗಳಲ್ಲಿ ತೋಟವೆಲ್ಲ ಬೆಳ್ಳಗಾಗಿ ಮಲ್ಲಿಗೆಯಂತೆ ಕಂಪಿಡುವುದು. ಮುಂದಿನ ಕೆಲವು ವಾರಗಳೊಳಗೆ ಮತ್ತೊಂದು ಮಳೆ ಬಾರದಿದ್ದರೆ ಕಾಯಿ ಸರಿಯಾಗಿ ಕಚ್ಚದು. ಆ ದಿನಗಳಲ್ಲಿ ತಂದೆಯವರು ಜಗಲಿಯಲ್ಲಿ ಕುಳಿತು, ಬಂದವರನ್ನೆಲ್ಲ "ಕಳಸದ ಕಡೆ ಮಳೆಯಾಯಿತೇನಪ್ಪಾ?" ಎಂದು ಕೇಳುವರು. ಕಳಸದಲ್ಲಿ ನಮ್ಮದೊಂದು ಗಿಡವೂ ಇರಲಿಲ್ಲ. ಮುಪ್ಪಿನ ಮರೆವೆಂದು ನಾನು ನಗುತ್ತಿದ್ದೆನು. ಏಳು ವರುಷ ಹಾಗೆಯೇ ಕೇಳಿದರು.

ಎಂಟನೆಯ ವರುಷ ತಪಸ್ಸುಕಾಲದ ನಾಲ್ಕನೆಯ ಭಾನುವಾರ ದೇವಾಲಯದಲ್ಲಿ ಲೂಕನ 15ನೆಯ ಅಧ್ಯಾಯವನ್ನೋದಿದರು. ಚಿಕ್ಕಂದಿನಿಂದ ಕೇಳಿದ ಕಥೆ. ತಂದೆ ಓಡಿಹೋಗಿ ಕಿರಿಯ ಮಗನನ್ನು ತಬ್ಬಿಕೊಳ್ಳುವುದಷ್ಟೇ ನನಗೆ ನೆನಪಿದ್ದುದು. ಆ ದಿನ ಹಿರಿಯ ಮಗನ ಭಾಗವು ಕಿವಿಗೆ ಬಿದ್ದಿತು. ಹೊಲದಿಂದ ಬಂದವನು ಮನೆಯೊಳಗೆ ಕಾಲಿಡಲೊಲ್ಲದೆ ನಿಲ್ಲುವನು. ತಂದೆಯೇ ಹೊರಗೆ ಬಂದು ಬೇಡಿಕೊಳ್ಳುವನು. ಕೊನೆಗೆ ಅವನು ಒಳಗೆ ಹೋದನೇ ಇಲ್ಲವೇ ಎಂಬುದನ್ನು ಲೂಕನು ಬರೆದಿಲ್ಲ. ಮನೆಗೆ ಬಂದಾಗ ತಂದೆಯವರು ಜಗಲಿಯಲ್ಲಿಯೇ ಇದ್ದರು. ಅಂದು ನಾನು ನಗಲಿಲ್ಲ.

ಮರುದಿನ ಕೊಟ್ಟಿಗೆಹಾರದ ಮಾರ್ಗವಾಗಿ ಬಸ್ಸಿನಲ್ಲಿ ಕಳಸಕ್ಕೆ ಹೋದೆನು. ದಾರಿಯುದ್ದಕ್ಕೂ ಕ್ಷಮಾಪಣೆಯ ಮಾತುಗಳನ್ನು ಜೋಡಿಸಿಕೊಂಡಿದ್ದೆನು. ಬಾಗಿಲಲ್ಲಿ ತಂಗಿಯ ತಲೆಯಲ್ಲಿ ಬಿಳಿಗೂದಲನ್ನು ಕಂಡು ಒಂದೂ ನೆನಪಾಗಲಿಲ್ಲ.

"ಅಪ್ಪ ಹೇಗಿದ್ದಾರಣ್ಣ?" ಎಂದಳು.

"ಕಳಸಕ್ಕೆ ಮಳೆಯಾಯಿತೇ ಎಂದು ಕೇಳುತ್ತಾರೆ" ಎಂದೆನು.

ಅವಳು ಬಾಗಿಲ ಕಂಬವನ್ನು ಹಿಡಿದುಕೊಂಡು ಅತ್ತಳು. ಅವಳ ಗಂಡನು ಕೈಕಾಲಿಗೆ ನೀರು ತಂದಿಟ್ಟನು.

ಪಾಸ್ಖಹಬ್ಬಕ್ಕೆ ಇಬ್ಬರೂ ಬಂದರು. ತಂದೆಯವರು ಅಳಿಯನನ್ನು ಹತ್ತಿರ ಕೂರಿಸಿಕೊಂಡು ಮಳೆಯ ವಿಚಾರವನ್ನೇ ವಿಚಾರಿಸಿದರು; ಆ ಮಳೆಗಾಲ ಮುಗಿಯುವ ಮೊದಲೇ ತೀರಿಕೊಂಡರು. ಮದುವೆಯ ದಿನದ ಮಾತನ್ನು ತಂಗಿಯು ಇಂದಿನವರೆಗೂ ಎತ್ತಿಲ್ಲ. ನಾನು ಒಮ್ಮೆ ಎತ್ತಲು ಹೋದಾಗ ಸುಮ್ಮನೆ ಎದ್ದು ಒಳಗೆ ಹೋದಳು. ಬಹಳ ಹೊತ್ತಿನ ಮೇಲೆ ಕಾಫಿ ತಂದಿಟ್ಟಳು.